ವಿದ್ಯಾರ್ಥಿಗಳಿಗಿಂತ ಮೊದಲು ಮೇಷ್ಟ್ರು ಕಾರ್ಖಾನೆಗೆ

ವಿದ್ಯಾರ್ಥಿಗಳನ್ನು ತರಬೇತಿಗೆ ಕಳಿಸಲು ಕಾರ್ಖಾನೆಗೆ ಪತ್ರ ಬರೆಯುವಾಗ ‘ಎಷ್ಟು ಮಂದಿಯನ್ನು ತೆಗೆದುಕೊಳ್ಳುತ್ತೀರಿ’ ಎಂದು ನಾವು ಕೇಳುವುದಿಲ್ಲ. ಯಾವ ಮೆಷಿನ್, ಯಾವ ಶಿಫ್ಟ್, ಯಾವ ಆಪರೇಟರ್ ಪಕ್ಕ ಎಂದು ಕೇಳುತ್ತೇವೆ. ಇದಕ್ಕೆ ಉತ್ತರ ಸಿಗದ ಕಡೆ ಹೋದವರು ತಿಂಗಳಿಡೀ ಪ್ಯಾಕಿಂಗ್ ಮಾಡಿ, ಬರ್ (ಕತ್ತರಿಸಿದ ಅಂಚಿನಲ್ಲಿ ಉಳಿದ ಮುಳ್ಳು) ಉಜ್ಜಿ ವಾಪಸಾಗುತ್ತಾರೆ. ಒಬ್ಬ ಆಪರೇಟರ್‌ಗೆ ಒಬ್ಬರೇ ವಿದ್ಯಾರ್ಥಿ. ಇಬ್ಬರಾದರೆ ಒಬ್ಬರ ಕೈಗೆ ಕೆಲಸ, ಇನ್ನೊಬ್ಬರ ಕೈಗೆ ಮೊಬೈಲ್.

ಅದಕ್ಕೂ ಮುಂಚೆ ಬೋಧಕರು ಅದೇ ಶಾಪ್‌ನಲ್ಲಿ ಎರಡು ವಾರವಾದರೂ ದುಡಿದಿರಬೇಕು. ಅತಿಥಿಯಾಗಿ ಹೋದರೆ ಪ್ಲಾಂಟ್ ಸುತ್ತಾಡಿಸಿ ಸರ್ಟಿಫಿಕೇಟ್ ಕೊಟ್ಟು ಕಳಿಸುತ್ತಾರೆ. ಸೆಟ್ಟಿಂಗ್ ಕೆಲಸವನ್ನೇ ಕೇಳಿ ಪಡೆಯಬೇಕು: ಜಾಬ್ (ಮಾಡುವ ಪೀಸು) ಬದಲಾದಾಗ ಚಕ್ (ಪೀಸನ್ನು ಹಿಡಿದಿಡುವ ಭಾಗ), ಟೂಲ್ ಆಫ್‌ಸೆಟ್ (ಟೂಲಿನ ಸ್ಥಾನದ ಹೊಂದಾಣಿಕೆ), ಮೊದಲ ಪೀಸಿನ ತಪಾಸಣೆ.

ನಮ್ಮ ಲ್ಯಾಬಿನ ಕೊರತೆ ಗೊತ್ತಾಗುವುದು ಅಲ್ಲೇ. ಡ್ರಾಯಿಂಗ್‌ನಲ್ಲಿ 25 ಎಚ್7 (ಸಣ್ಣ ಎಚ್) ಎಂದಿದ್ದರೆ ಶಾಫ್ಟಿನ ವ್ಯಾಸ 24.979ರಿಂದ 25.000 ಮಿ.ಮೀ. ಒಳಗಿರಬೇಕು. ಸಿಗುವ ಜಾಗ (ಟಾಲರೆನ್ಸ್) ಬರೀ 0.021. ಲ್ಯಾಬಿನಲ್ಲಿ ಕೈಗೆ ಕೊಡುವ ವರ್ನಿಯರ್‌ನ ಲೀಸ್ಟ್ ಕೌಂಟ್ (ಓದಬಲ್ಲ ಅತಿ ಸಣ್ಣ ಅಳತೆ) 0.02, ಒಂದು ಗೆರೆ ತಪ್ಪಿ ಓದಿದರೆ ಟಾಲರೆನ್ಸ್ ಮುಗಿದೇ ಹೋಯಿತು. 0.01ರ ಮೈಕ್ರೋಮೀಟರ್ ಕೂಡ ಇಲ್ಲಿ ಸಾಲದು, 0.001 ಓದುವಂಥದ್ದು ಬೇಕು. ಹಾಗಾಗಿ ಕಳಿಸುವ ಮುಂಚಿನ ದಿನಗಳಲ್ಲಿ ಅಳತೆಯದ್ದೇ ಅಭ್ಯಾಸ: ಮೊದಲು ಝೀರೋ ಎರರ್ (ಮುಚ್ಚಿದಾಗ ಸೊನ್ನೆ ತೋರುತ್ತದೆಯೇ ಎಂದು) ನೋಡುವುದು, ರ್‍ಯಾಚೆಟ್ (ಒತ್ತಡ ಮಿತಿಮೀರದಂತೆ ತಡೆಯುವ ತಿರುಪು) ಹಿಡಿದೇ ತಿರುಗಿಸುವುದು, ಆಗಷ್ಟೇ ಇಳಿದ ಬಿಸಿ ಪೀಸನ್ನು ಅಳೆಯದಿರುವುದು. ಉಕ್ಕು 20 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಇದೇ ಶಾಫ್ಟ್ ಸುಮಾರು 0.006 ಮಿ.ಮೀ. ದಪ್ಪ ತೋರುತ್ತದೆ. ಬಿಸಿಯಲ್ಲಿ ‘ಸರಿ’ ಎಂದು ಬಿಟ್ಟದ್ದು ತಣಿದ ಮೇಲೆ ಅಂಡರ್‌ಸೈಜ್.

ಸಮಯವನ್ನೂ ಟ್ರೇಡ್ ನೋಡಿ ಗೊತ್ತುಮಾಡುತ್ತೇವೆ. ವಾರ್ಷಿಕ ಶಟ್‌ಡೌನ್ ಫಿಟ್ಟರ್, ಎಲೆಕ್ಟ್ರಿಷಿಯನ್‌ಗಳಿಗೆ ಹಬ್ಬ. ಪಂಪು, ಗೇರ್‌ಬಾಕ್ಸ್ ಎಲ್ಲ ಬಿಚ್ಚಿಟ್ಟಿರುತ್ತಾರೆ. ಟರ್ನರ್‌ಗೆ ಅದೇ ದಿನಗಳು ದಂಡ, ಲೇತ್ ನಿಂತಿರುತ್ತದೆ. ಆದರೆ ಆಗ ಲಾಕ್‌ಔಟ್ ಗೊತ್ತಿಲ್ಲದವರನ್ನು ಒಳಗೆ ಬಿಡಬಾರದು: ಸ್ವಿಚ್ ಆಫ್, ತಮ್ಮದೇ ಬೀಗ, ಟ್ಯಾಗ್, ಆಮೇಲೆ ಟೆಸ್ಟರ್ ಹಚ್ಚಿ ವಿದ್ಯುತ್ ಇಲ್ಲವೆಂದು ಖಾತ್ರಿ. ಲೇತ್, ಡ್ರಿಲ್ ಮುಂದೆ ನಿಂತಾಗ ಗ್ಲೌಸ್ ಬೇಡವೇ ಬೇಡ, ತಿರುಗುವ ಸ್ಪಿಂಡಲ್ ಬಟ್ಟೆಯ ಜೊತೆ ಕೈಯನ್ನೂ ಎಳೆದುಕೊಳ್ಳುತ್ತದೆ.

ಲಾಗ್‌ಬುಕ್‌ನಲ್ಲಿ ದಿನಕ್ಕೆ ನಾಲ್ಕೇ ಸಾಲು: ಯಾವ ಜಾಬ್, ಯಾವ ಮೆಷಿನ್, ಏನು ಅಳೆದದ್ದು, ಏನು ಕೆಟ್ಟದ್ದು. ನಾಲ್ಕನೆಯ ಸಾಲು ವಾರವಿಡೀ ಖಾಲಿಯಿದ್ದರೆ ವಿದ್ಯಾರ್ಥಿಯ ಕೈಗೆ ಇನ್ನೂ ಕೆಲಸ ಸಿಕ್ಕಿಲ್ಲ ಎಂದೇ ಲೆಕ್ಕ. ಸೂಪರ್‌ವೈಸರ್ ಸಹಿ ವಾರವಾರವೂ ಆಗಬೇಕು. ಕೊನೆಯ ದಿನ ಒಂದೇ ಪೆನ್ನಿನಲ್ಲಿ ಎಲ್ಲ ಪುಟಕ್ಕೂ ಬಿದ್ದ ಸಹಿಗೆ ಬೆಲೆಯಿಲ್ಲ. ನಮ್ಮ ಭೇಟಿಯೂ ಎರಡನೇ ವಾರದಲ್ಲೇ, ಆಗಿನ್ನೂ ಮೆಷಿನ್ ಬದಲಿಸಿ ಕೊಡಿ ಎಂದು ಕೇಳಲು ವ್ಯವಧಾನವಿರುತ್ತದೆ.

ವಾಪಸ್ ಬಂದವರಿಂದ ಸ್ಲೈಡ್ ಪ್ರದರ್ಶನ ಮಾಡಿಸುವುದಿಲ್ಲ, ಒಂದು ಪೀಸ್ ಮಾಡಿಸುತ್ತೇವೆ. ಡ್ರಾಯಿಂಗ್ ಮಾತ್ರ ಕಾರ್ಖಾನೆಯದ್ದಲ್ಲ. ಕಾರ್ಖಾನೆಯ ಡ್ರಾಯಿಂಗಿನ ಫೋಟೋ ತೆಗೆಯುವುದೇ ತಪ್ಪು. ನಾವು ಕೊಡುವುದು ಅಳತೆ ಬದಲಿಸಿ ನಾವೇ ಬರೆದದ್ದು. ಜೊತೆಗೆ ಕಾರ್ಖಾನೆಯವರನ್ನು ಕೇಳಿ ತಂದ ರಿಜೆಕ್ಟ್ ಪೀಸುಗಳ ಟ್ರೇ ಒಂದನ್ನು ಮುಂದಿಡುತ್ತೇವೆ. ಟೇಪರ್ (ಒಂದು ತುದಿ ದಪ್ಪ, ಇನ್ನೊಂದು ಸಣ್ಣ) ಬಂದದ್ದು ಯಾವುದು, ಚ್ಯಾಟರ್ (ಕತ್ತರಿಸುವಾಗ ಅದುರಿದ) ಗುರುತು ಯಾವುದರ ಮೇಲಿದೆ, ಏಕೆ ಬಂತು ಎಂದು ಪೀಸ್ ಕೈಯಲ್ಲಿ ಹಿಡಿದೇ ಹೇಳಬೇಕು.