ಕೆಲಸ ಹುಡುಕುವವರು ಜಪಕ್ಕೆ ಹೀಗೆ ಕೂತು ನೋಡಿ

ಜಪಾನಿನ ಬೌದ್ಧ ಭಿಕ್ಷು ನಿಚಿರೆನ್ 1253ರಲ್ಲಿ ಸಾರಿದ ‘ನಮ್ ಮ್ಯೋಹೋ ರೆಂಗೆ ಕ್ಯೋ’ ಜಪ ಮಾಡುವವರು ನಮ್ಮಲ್ಲೂ ಇದ್ದಾರೆ. ಕೆಲಸ ಹುಡುಕುತ್ತಿದ್ದರೆ ಬೆಳಿಗ್ಗೆ ಮೊಬೈಲ್ ಮುಟ್ಟುವ ಮೊದಲೇ ಕೂತುಬಿಡಿ. ‘ಕೆಲಸ ಸಿಗಲಿ’ ಅಂತ ಸುಮ್ನೆ ಬೇಡಬೇಡಿ. ಎಂಥ ಕೆಲಸ, ಯಾವ ಊರು, ನನ್ನಿಂದ ಅಲ್ಲಿ ಯಾರಿಗೆ ಉಪಯೋಗ ಅನ್ನುವುದು ಮನಸ್ಸಿನಲ್ಲಿ ಸ್ಪಷ್ಟವಾಗಿರಲಿ. ಬೆನ್ನು ನೇರ, ಕಣ್ಣು ತೆರೆದಿರಲಿ, ದನಿ ಗಟ್ಟಿಯಾಗಿಯೇ ಬರಲಿ. ಉಸಿರು ಒಂದು ಲಯಕ್ಕೆ ಬಂದಾಗ ಗಾಬರಿ ಇಳಿಯುತ್ತದೆ. ಇಂಟರ್‌ವ್ಯೂ ದಿನ ಅದೇ ಜಾಸ್ತಿ ಬೇಕಾಗಿರುವುದು, ಅಲ್ವಾ?

ಪಕ್ಕದಲ್ಲೊಂದು ನೋಟ್‌ಬುಕ್, ಪೆನ್ನು ಖಂಡಿತ ಇಟ್ಟುಕೊಳ್ಳಿ. ಹಳೇ ಸಹೋದ್ಯೋಗಿಯ ಹೆಸರು, ರೆಸ್ಯೂಮೆಯಲ್ಲಿ ಬಿಟ್ಟುಹೋದ ಒಂದು ಪ್ರಾಜೆಕ್ಟ್, ಹೀಗೆ ಏನಾದರೂ ಹೊಳೆಯಬಹುದು. ಮುಗಿದ ತಕ್ಷಣ ಬರೆದಿಡಿ. ಧೈರ್ಯ ಇನ್ನೂ ಬಿಸಿಯಾಗಿರುವಾಗಲೇ ಆ ಫೋನ್ ಮಾಡಿ, ಅರ್ಜಿ ಕಳಿಸಿ. ತಿಂಡಿ ಆಮೇಲೆ ತಿನ್ನಬಹುದು.