ಮೋಡದ ಬೆಳಗು, ಸೂರಕ್ಕಿ ಮತ್ತು ಎರಡು ಸೇರು ರಾಗಿ

ತುಮಕೂರಿನ ನಮ್ಮ ಮನೆಯ ಹಿತ್ತಲಿನ ದಾಸವಾಳಕ್ಕೆ ನೇರಳೆ ಸೂರಕ್ಕಿ ಎಂಬ ಪುಟ್ಟ ಮಕರಂದದ ಹಕ್ಕಿ ಬರುವುದು ಬೆಳಿಗ್ಗೆ ಆರು ದಾಟುತ್ತಿದ್ದಂತೆ. ಗಿಡದ ಮೇಲೆ ಆಗಿನ್ನೂ ಪಕ್ಕದ ಮನೆಯ ನೆರಳು. ಮುಂಗಾರಿನ ಮೋಡವೂ ಸೇರಿತೆಂದರೆ ಕ್ಯಾಮೆರಾದ ಪಾಲಿಗೆ ಅದು ಬೆಳಗೇ ಅಲ್ಲ.

ನಾನು ತೆಗೆದ ಅದರ ಚಿತ್ರ ನೋಡಿದವರು "ಹಮ್ಮಿಂಗ್‌ಬರ್ಡ್ ಅಲ್ಲವೇ?" ಎಂದು ಕೇಳುತ್ತಾರೆ. ಅವು ಅಮೆರಿಕ ಖಂಡಗಳ ಹಕ್ಕಿಗಳು, ಗಾಳಿಯಲ್ಲೇ ನಿಂತು ಮಕರಂದ ಹೀರುತ್ತವೆ. ನಮ್ಮ ಸೂರಕ್ಕಿ ಹೆಚ್ಚಾಗಿ ಕೂತೇ ಕುಡಿಯುತ್ತದೆ. ಮಂದ ಬೆಳಕಿನಲ್ಲಿ ನನ್ನ ಮಾನ ಉಳಿಸಿದ್ದು ಅದರ ಈ ಒಳ್ಳೆಯ ಬುದ್ಧಿ.

ಮೊದಮೊದಲು, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು ಹೇಳುವ ಐಎಸ್‌ಒ 800 ದಾಟಲು ಹೆದರುತ್ತಿದ್ದೆ. ನಾಯ್ಸ್ ಬಂದು ಚಿತ್ರದ ತುಂಬ ರವೆ ಚೆಲ್ಲಿದಂತಾಗುತ್ತದೆ ಎಂಬ ಭಯ. 300 ಮಿ.ಮೀ. ಲೆನ್ಸ್, ಅಪರ್ಚರ್ (ಲೆನ್ಸಿನ ಬಾಯಿ) ಎಫ್ 5.6, ಶಟರ್ ತೆರೆದು ಮುಚ್ಚುವ ವೇಗ ಸೆಕೆಂಡಿನ 1/80 ದಾಟುತ್ತಿರಲಿಲ್ಲ. ಹೂವು ಚೆನ್ನಾಗಿಯೇ ಬರುತ್ತಿತ್ತು. ಹಕ್ಕಿ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿದ ಮಸಿ. ಒಂದು ದಿನ ಸಿಟ್ಟಿನಲ್ಲಿ ಐಎಸ್‌ಒ 6400ಕ್ಕೆ ಏರಿಸಿದೆ. ಶಟರ್ ವೇಗ 1/640 ಸಿಕ್ಕಿತು. ರವೆ ಇತ್ತು, ಆದರೆ ಕಣ್ಣೂ ಇತ್ತು. ರವೆಯನ್ನು ಕಂಪ್ಯೂಟರಿನಲ್ಲಿ ತಕ್ಕಮಟ್ಟಿಗೆ ತೆಗೆಯಬಹುದು, ಅಲುಗಿದ ಕಣ್ಣನ್ನು ಯಾರು ತಿದ್ದುತ್ತಾರೆ? ಐಎಸ್‌ಒ ಕಡಿಮೆ ಇಟ್ಟು ಕತ್ತಲಾಗಿ ತೆಗೆದು ಆಮೇಲೆ ಬೆಳಗಿಸುವ ಜಾಣತನವನ್ನೂ ಮಾಡಿದ್ದೆ. ನೆರಳಿನ ಭಾಗದಲ್ಲಿ ರವೆ ಇನ್ನೂ ದಪ್ಪಗಾಯಿತು.

ಕೈನಡುಕಕ್ಕೆ ಮದ್ದು ರಾಗಿ. ಹಳೆಯ ದಿಂಬಿನ ಚೀಲಕ್ಕೆ ಎರಡು ಸೇರು ತುಂಬಿ ಅಡುಗೆಮನೆಯ ಕಿಟಕಿಯ ಮೇಲಿಟ್ಟು ಲೆನ್ಸನ್ನು ಅದರಲ್ಲಿ ಹುದುಗಿಸಿದೆ. "ಮಿಲ್ಲಿಗೆ ಹೋಗಬೇಕಾದ ರಾಗಿ ಕಣೋ ಅದು" ಎಂದು ಅಮ್ಮ ಗೊಣಗಿದರು.

ಉಳಿದದ್ದು ಕಾಯುವ ಕೆಲಸ. ಸೂರಕ್ಕಿ ದಾಸವಾಳದ ಬಾಯಿಗೆ ಹೋಗುವುದು ಕಡಿಮೆ. ತೊಟ್ಟಿನ ಬಳಿ ಕೂತು, ಬುಡಕ್ಕೆ ಕೊಕ್ಕು ಚುಚ್ಚಿ ಕದ್ದು ಕುಡಿಯುತ್ತದೆ. ಚುಚ್ಚುವ ಮುನ್ನ ತಲೆ ವಾರೆ ಮಾಡಿ ಅರೆಕ್ಷಣ ತಡೆಯುತ್ತದೆ. ಅಷ್ಟು ಹೊತ್ತೂ ಇದ್ದಲಿನಂತೆ ಕಂಡ ಗಂಡಿನ ಕುತ್ತಿಗೆ, ಆ ಕೋನಕ್ಕೆ ಬೆಳಕು ಸಿಕ್ಕರೆ, ನೀಲಿ-ನೇರಳೆಯಾಗಿ ಮಿಂಚುತ್ತದೆ. ಆ ತಡೆಗೆ 1/320 ಸಾಕು, ಐಎಸ್‌ಒ 3200ಕ್ಕೆ ಇಳಿಸಬಹುದು. ಹಾರಾಟಕ್ಕೆ ಆಸೆಪಡುವುದನ್ನು ಬಿಟ್ಟಿದ್ದೇನೆ.

ಫ್ಲಾಶ್ ಹಚ್ಚುವುದಿಲ್ಲ, ಸೀಬೆ ಕೊಂಬೆಯಲ್ಲಿ ಸೂರಕ್ಕಿ ಜೇಡರ ಬಲೆಯಿಂದ ಹೆಣೆದ ಗೂಡು ಜೋತಾಡುತ್ತಿದೆ, ಹಕ್ಕಿ ಬೆದರೀತು. ರಾಗಿ ಚೀಲ ಕಿಟಕಿಯಲ್ಲೇ ಇದೆ. ಮೊನ್ನೆ ಅಳಿಲು ಅದಕ್ಕೊಂದು ತೂತು ಕೊರೆದಿದೆ, ಅಮ್ಮನಿಗೆ ಇನ್ನೂ ಹೇಳಿಲ್ಲ.