ಹೈಕು ಓಎಸ್: ರಾಕೆಟ್ ಬಂದ ಮೇಲೆ ಕಪ್ಪು ಪರದೆ

ಹೈಕು ಒಂದು ಓಎಸ್, ಅಂದ್ರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. ಆದರೆ ಲಿನಕ್ಸ್ ಅಲ್ಲ. ಬಿಓಎಸ್ ಅನ್ನೋ ಹಳೆಯ ಓಎಸ್ ನಿಂತುಹೋದ ಮೇಲೆ, 2001ರಲ್ಲಿ ಅದರ ಅಭಿಮಾನಿಗಳು ಮೊದಲಿಂದ ಬರೆಯಲು ಶುರುಮಾಡಿದ ಓಎಸ್. ತುಂಬಾ ಹಗುರ. ಹಳೆಯ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡೋಣ ಅಂತ ಹೊರಟೆ.

ಬೂಟ್ ಆಗುವಾಗ ಐಕಾನ್‌ಗಳು ಒಂದೊಂದಾಗಿ ಬೆಳಗುತ್ತವೆ. ಕೊನೆಯ ರಾಕೆಟ್ ಬೆಳಗಿತು, ಆಮೇಲೆ ಪರದೆ ಪೂರ್ತಿ ಕಪ್ಪು. ಆದರೆ ಪೆನ್‌ಡ್ರೈವಿನ ದೀಪ ಮಿಣುಕುತ್ತಲೇ ಇತ್ತು. ಅಂದ್ರೆ ಓಎಸ್ ಸತ್ತಿಲ್ಲ, ಚಿತ್ರ ಮಾತ್ರ ಬರ್ತಿಲ್ಲ. ಪರದೆಗೆ ಚಿತ್ರ ಕಳಿಸುವ ತಂತ್ರಾಂಶ, ಅಂದ್ರೆ ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ ಬಂತು.

ಮತ್ತೆ ಬೂಟ್ ಮಾಡಿ, ಶುರುವಿನಲ್ಲೇ ಸ್ಪೇಸ್ ಕೀ ಒತ್ತುತ್ತಾ ಹೋದೆ. (ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಓಡುವ ತಂತ್ರಾಂಶ ಹಳೆಯ ಬಯಾಸ್ ಆಗಿದ್ದರೆ ಶಿಫ್ಟ್ ಹಿಡಿದುಕೊಳ್ಳಬೇಕು.) ಬೂಟ್ ಮೆನು ಬಂತು. ಸೇಫ್ ಮೋಡ್ ಆಯ್ಕೆಗಳೊಳಗೆ ಫೇಲ್-ಸೇಫ್ ಗ್ರಾಫಿಕ್ಸ್, ಅಂದ್ರೆ ಮಾಮೂಲಿ ಡ್ರೈವರ್ ಬದಲು ಸರಳ ಡ್ರೈವರ್, ಆರಿಸಿ ಮುಂದುವರಿಸಿದೆ. ಡೆಸ್ಕ್‌ಟಾಪ್ ಪ್ರತ್ಯಕ್ಷ! ರೆಸಲ್ಯೂಶನ್ ಸ್ವಲ್ಪ ಕಮ್ಮಿ, ಪರವಾಗಿಲ್ಲ.

ಪ್ರತಿಸಲ ಮೆನುಗೆ ಹೋಗೋದು ಬೇಜಾರು ಅಲ್ವಾ? ಅದಕ್ಕೆ ಕರ್ನಲ್ (ಓಎಸ್‌ನ ತಿರುಳು) ಸೆಟ್ಟಿಂಗ್ಸ್ ಫೈಲ್ ತೆರೆದು, ಫೇಲ್-ಸೇಫ್ ವಿಡಿಯೋ ಮೋಡ್ ಸಾಲಿನ ಮುಂದಿದ್ದ ಹ್ಯಾಶ್ (#) ಗುರುತು ಅಳಿಸಿದೆ. ಆ ಗುರುತು ಇದ್ದರೆ ಆ ಸಾಲು ಲೆಕ್ಕಕ್ಕೆ ಬರಲ್ಲ. ಈಗ ನೇರ ಬೂಟ್ ಆಗುತ್ತೆ.

ಇಲ್ಲಿಗೇ ಬಿಟ್ಟರೆ ಡ್ರೈವರ್ ಸರಿಯಾಗೋದು ಹೇಗೆ? ಒಮ್ಮೆ ಮಾಮೂಲಿ ಡ್ರೈವರ್‌ನಲ್ಲೇ ಬೂಟ್ ಮಾಡಿ, ಕಪ್ಪು ಪರದೆ ಬರಿಸಿ, ಆ ಸಲದ ಸಿಸ್‌ಲಾಗ್ (ಓಎಸ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಫೈಲ್) ತೆಗೆದಿಟ್ಟೆ. ಲಿಸ್ಟ್‌ಡೆವ್ ಕಮಾಂಡ್ ಕೊಟ್ಟ ಹಾರ್ಡ್‌ವೇರ್ ಪಟ್ಟಿ, ಹೈಕು ಆವೃತ್ತಿಯ ಸಂಖ್ಯೆ ಎರಡನ್ನೂ ಜೊತೆಗಿಟ್ಟು ಬಗ್ ಟಿಕೆಟ್ (ಡೆವಲಪರ್‌ಗಳಿಗೆ ದೋಷದ ವರದಿ) ಹಾಕಿದೆ. ಸುಮ್ನೆ "ಓಡ್ತಿಲ್ಲ" ಅಂತ ಬರೆದರೆ ಡೆವಲಪರ್‌ಗಳಿಗೆ ಏನೂ ಗೊತ್ತಾಗಲ್ಲ. ಕೋಡ್ ಬರೆಯಲು ಬಾರದವರೂ ಇಷ್ಟು ಮಾಡಬಹುದು. ಟಿಕೆಟ್ ಇನ್ನೂ ತೆರೆದೇ ಇದೆ. ಹೊಸ ನೈಟ್ಲಿ (ಪರೀಕ್ಷೆಗಾಗಿ ಆಗಾಗ ಹೊರಬರುವ ಆವೃತ್ತಿ) ಬಂದಾಗ ಇದೇ ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸಿ ಅಲ್ಲೇ ಬರೆಯುತ್ತೇನೆ.